ಎಂಟು ಜಿಬಿ ಫೋನಿಗೆ ಹದಿನಾರು ಜಿಬಿ ರ‍್ಯಾಮ್ ಬಂದಿದ್ದು ಎಲ್ಲಿಂದ?

ಕಳೆದ ತಿಂಗಳು ನಮ್ಮ ಭಾವ ಹೊಸ ಫೋನ್ ತಗೊಂಡರು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '16 ಜಿಬಿ ರ‍್ಯಾಮ್' ಅಂತಿತ್ತು. ಪಕ್ಕದಲ್ಲಿ ಒಂದು ಪುಟ್ಟ ನಕ್ಷತ್ರ. ಅದರ ಜಾಡು ಹಿಡಿದು ಡಬ್ಬ ತಿರುಗಿಸಿದರೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ '8 ಜಿಬಿ + 8 ಜಿಬಿ ವರ್ಚುವಲ್'. ಭಾವ ಕನ್ನಡಕ ಹಣೆಗೇರಿಸಿ, ಡಬ್ಬ ಮೂಗಿನ ಹತ್ತಿರ ತಂದು ಓದಿ, "ಏನೋ ಇದು, ಎಂಟು ನಿಜ, ಎಂಟು ಸುಳ್ಳು ಅಂತಾನಾ?" ಅಂದರು.

ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಯಾಕಂದ್ರೆ ವರ್ಚುವಲ್ ಮೆಮೊರಿ ಅನ್ನೋದು ಆ ಡಬ್ಬದ ಮೇಲೆ ಹೇಳಿದ ವಿಷಯವೇ ಅಲ್ಲ. ಅದು ಅರವತ್ತು ವರ್ಷಕ್ಕೂ ಹಳೆಯದು, ಬಹಳ ಚಂದದ ಉಪಾಯ. ನಿಮ್ಮ ಫೋನು, ಲ್ಯಾಪ್‌ಟಾಪು, ಎಟಿಎಂ, ಎಲ್ಲದರ ಒಳಗೂ ಈ ಕ್ಷಣ ಅದು ಕೆಲಸ ಮಾಡುತ್ತಿದೆ, ಡಬ್ಬದ ಮೇಲೆ ಬರೆದಿದ್ದರೂ ಸರಿ, ಬರೆಯದಿದ್ದರೂ ಸರಿ. ರ‍್ಯಾಮ್ ಸಾಲದಾಗ ಬೇರೆ ಕಡೆ ಜಾಗ ಕಡ ತರೋದು ಅದರ ಒಂದು ಉಪಕಸುಬು ಅಷ್ಟೆ. ಅಸಲಿ ಕಸುಬು ಬೇರೆ. ಅಲ್ಲಿಂದಲೇ ಶುರು ಮಾಡೋಣ.

ರ‍್ಯಾಮ್ ಅಂದ್ರೆ ಅಡುಗೆಮನೆ ಕಟ್ಟೆ

ಕಂಪ್ಯೂಟರಿನಲ್ಲಿ ಎರಡು ಥರದ ಜಾಗ ಇರುತ್ತದೆ. ಒಂದು ಸ್ಟೋರೇಜ್. ಫೋಟೊ, ವಿಡಿಯೊ, ಆಪ್‌ಗಳು ಇರುವ ಕಡೆ. ಕರೆಂಟ್ ಹೋದರೂ ಅಲ್ಲಿರೋದು ಅಳಿಸಿ ಹೋಗಲ್ಲ. ಇನ್ನೊಂದು ರ‍್ಯಾಮ್. ಪ್ರೊಸೆಸರ್ ಸದ್ಯಕ್ಕೆ ಯಾವುದರ ಮೇಲೆ ಕೆಲಸ ಮಾಡುತ್ತಿದೆಯೋ ಅದು ಇಲ್ಲಿರಬೇಕು. ಆಫ್ ಮಾಡಿದರೆ ಇಲ್ಲಿರೋದೆಲ್ಲ ಖಾಲಿ.

ಹಳೇ ಮನೆಗಳಲ್ಲಿ ಅಡುಗೆಮನೆ ಕಟ್ಟೆ ಇರುತ್ತಿತ್ತು, ತಲೆ ಮೇಲೆ ಅಟ್ಟ ಇರುತ್ತಿತ್ತು. ಅಟ್ಟ ದೊಡ್ಡದು, ಆದರೆ ಏಣಿ ಹತ್ತಬೇಕು. ಕಟ್ಟೆ ಚಿಕ್ಕದು, ಆದರೆ ಕೈ ಚಾಚಿದರೆ ಸಿಗುತ್ತದೆ. ಅಡುಗೆ ಮಾಡೋದು ಕಟ್ಟೆ ಮೇಲೆ ಮಾತ್ರ. ಅಟ್ಟದ ಮೇಲೆ ಕೂತು ಯಾರೂ ತರಕಾರಿ ಹೆಚ್ಚಲ್ಲ. ರ‍್ಯಾಮ್ ಆ ಕಟ್ಟೆ, ಸ್ಟೋರೇಜ್ ಆ ಅಟ್ಟ.

ರ‍್ಯಾಮಿನಲ್ಲಿ ಪ್ರತಿ ಬೈಟಿಗೂ (ಒಂದು ಇಂಗ್ಲಿಷ್ ಅಕ್ಷರ ಹಿಡಿಸುವಷ್ಟು ಜಾಗ) ಒಂದು ನಂಬರ್ ಇರುತ್ತದೆ. 0, 1, 2 ಅಂತ ಶುರುವಾಗಿ 8 ಜಿಬಿ ಫೋನಿನಲ್ಲಿ ಸುಮಾರು 859 ಕೋಟಿವರೆಗೆ. ಈ ನಂಬರಿಗೆ ವಿಳಾಸ ಅಂತಾರೆ. 'ಇಂಥ ವಿಳಾಸದಲ್ಲಿರೋದನ್ನ ತಾ', 'ಇಂಥ ವಿಳಾಸದಲ್ಲಿ ಇದನ್ನ ಇಡು': ಪ್ರೊಸೆಸರ್ ದಿನವಿಡೀ ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಇದೇ ಅನ್ನಬಹುದು.

ನಿಜವಾದ ವಿಳಾಸವನ್ನೇ ಕೊಟ್ಟರೆ ಏನಾಗುತ್ತೆ?

ಎಂಬತ್ತರ ದಶಕದ ಡಾಸ್ ಕಂಪ್ಯೂಟರುಗಳಲ್ಲಿ ಪ್ರೋಗ್ರಾಮುಗಳು ರ‍್ಯಾಮಿನ ನಿಜವಾದ ವಿಳಾಸಗಳನ್ನೇ ಮುಟ್ಟುತ್ತಿದ್ದವು. ಪ್ರೋಗ್ರಾಮುಗಳ ಪಾಲಿಗೆ ಇದ್ದದ್ದು 640 ಕೆಬಿ. ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ನಡೆಯುತ್ತಿತ್ತು, ಹಾಗಾಗಿ ಹೇಗೋ ಸಾಗುತ್ತಿತ್ತು. ಈಗ ನಿಮ್ಮ ಫೋನಿನಲ್ಲಿ ವಾಟ್ಸಾಪ್, ಬ್ಯಾಂಕ್ ಆಪ್, ಮ್ಯಾಪು, ಹಾಡು, ಹಿನ್ನೆಲೆಯಲ್ಲಿ ನೂರಾರು ಸಣ್ಣಪುಟ್ಟ ಕೆಲಸ ಎಲ್ಲ ಒಟ್ಟಿಗೆ ಇವೆ. ಎಲ್ಲರಿಗೂ ನೇರ ವಿಳಾಸ ಕೊಟ್ಟರೆ ಮೂರು ತಲೆನೋವು.

ಮೊದಲನೆಯದು, ಜಗಳ. ಎರಡು ಪ್ರೋಗ್ರಾಮುಗಳನ್ನು ಬೇರೆ ಬೇರೆ ಊರಿನ ಬೇರೆ ಬೇರೆ ಜನ ಬರೆದಿರುತ್ತಾರೆ. ಇಬ್ಬರೂ '5000ನೇ ಜಾಗ ನಂದು' ಅಂದುಕೊಂಡು ಬರೆದರೆ ಒಬ್ಬರ ಸಾಮಾನಿನ ಮೇಲೆ ಇನ್ನೊಬ್ಬರು ಕೂರುತ್ತಾರೆ. ಎರಡನೆಯದು, ಕಳ್ಳತನ. ಯಾವುದೋ ಟಾರ್ಚ್ ಆಪ್ ಸುಮ್ನೆ ಪಕ್ಕದ ವಿಳಾಸಕ್ಕೆ ಇಣುಕಿ ನಿಮ್ಮ ಬ್ಯಾಂಕ್ ಪಿನ್ ಓದಿಬಿಡಬಹುದು. ಮೂರನೆಯದು ಚೂರುಚೂರಾಗೋದು. ದಿನವಿಡೀ ಆಪ್‌ಗಳು ಬಂದು ಹೋಗಿ ಮಾಡಿದಾಗ ರ‍್ಯಾಮಿನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಖಾಲಿ ಜಾಗ ಉಳಿಯುತ್ತದೆ. ಒಟ್ಟು ಲೆಕ್ಕ ಹಾಕಿದರೆ ಬೇಕಾದಷ್ಟು ಇದೆ, ಆದರೆ ಒಟ್ಟಿಗೆ ಎಲ್ಲೂ ಇಲ್ಲ. ಬಸ್ಸಿನಲ್ಲಿ ನಾಲ್ಕು ಸೀಟು ಖಾಲಿ ಇದ್ದರೂ ನಾಲ್ಕು ಮೂಲೆಯಲ್ಲಿದ್ದರೆ ಮನೆಮಂದಿ ಒಟ್ಟಿಗೆ ಕೂರೋಕಾಗಲ್ಲ ಅಲ್ವಾ, ಹಾಗೆ.

ಮೂರಕ್ಕೂ ಒಂದೇ ಮದ್ದು: ಪ್ರೋಗ್ರಾಮಿಗೆ ನಿಜವಾದ ವಿಳಾಸ ಕೊಡಲೇಬೇಡ.

ಎಸ್ಸೆಸ್ಸೆಲ್ಸಿ ನೋಟಿಸ್ ಬೋರ್ಡು

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನೆನಪಿಸಿಕೊಳ್ಳಿ. ಕೈಯಲ್ಲಿ ಹಾಲ್ ಟಿಕೆಟ್, ಅದರಲ್ಲಿ ರಿಜಿಸ್ಟರ್ ನಂಬರ್. ಆ ನಂಬರಿನಲ್ಲಿ ನೀವು ಯಾವ ಕೋಣೆ, ಯಾವ ಬೆಂಚು ಅನ್ನೋದು ಇರಲ್ಲ. ಶಾಲೆ ಬಾಗಿಲಲ್ಲಿ ನೋಟಿಸ್ ಬೋರ್ಡಿಗೆ ಒಂದು ಪಟ್ಟಿ ಅಂಟಿಸಿರುತ್ತಾರೆ: ಇಂಥ ನಂಬರಿನಿಂದ ಇಂಥ ನಂಬರಿನವರೆಗೆ ಇಂಥ ಕೋಣೆ. ಕೋಣೆ ಸೋರುತ್ತಿದ್ದರೆ ಮೇಷ್ಟ್ರು ಪಟ್ಟಿ ತಿದ್ದಿ ಬೇರೆ ಕೋಣೆ ಹಾಕುತ್ತಾರೆ. ನಿಮ್ಮ ಹಾಲ್ ಟಿಕೆಟ್ ಮಾತ್ರ ಬದಲಾಗಲ್ಲ.

ಆಪರೇಟಿಂಗ್ ಸಿಸ್ಟಮ್ (ವಿಂಡೋಸ್, ಆಂಡ್ರಾಯ್ಡ್ ಥರದ್ದು) ಮಾಡೋದೂ ಇದನ್ನೇ. ಪ್ರತಿ ಪ್ರೋಗ್ರಾಮಿಗೂ ಅದರದೇ ಆದ ವಿಳಾಸಗಳ ಸರಣಿ ಕೊಡುತ್ತದೆ. ಇವೇ ವರ್ಚುವಲ್ ವಿಳಾಸಗಳು, ಅಂದರೆ ಹಾಲ್ ಟಿಕೆಟ್ ನಂಬರುಗಳು. ರ‍್ಯಾಮಿನ ನಿಜವಾದ ವಿಳಾಸ ಅಂದರೆ ಬೆಂಚು. ಎರಡನ್ನೂ ಜೋಡಿಸುವ ನೋಟಿಸ್ ಬೋರ್ಡಿಗೆ ಪೇಜ್ ಟೇಬಲ್ ಅಂತ ಹೆಸರು. ಒಂದೊಂದು ಪ್ರೋಗ್ರಾಮಿಗೂ ಒಂದೊಂದು ಬೋರ್ಡು. ಹಾಗಾಗಿ ವಾಟ್ಸಾಪಿನ 5000ನೇ ವಿಳಾಸವೂ ಬ್ಯಾಂಕ್ ಆಪಿನ 5000ನೇ ವಿಳಾಸವೂ ಬೇರೆ ಬೇರೆ ಬೆಂಚು. ಒಂದಕ್ಕೆ ಇನ್ನೊಂದರ ಬೆಂಚು ತಲುಪೋಕೆ ದಾರಿಯೇ ಇಲ್ಲ, ಯಾಕಂದ್ರೆ ಅದರ ಬೋರ್ಡಿನಲ್ಲಿ ಆ ಬೆಂಚಿನ ಹೆಸರೇ ಇಲ್ಲ. ಜಗಳವೂ ತಪ್ಪಿತು, ಕಳ್ಳತನವೂ ತಪ್ಪಿತು.

ಚೂರು ಜಾಗದ ಸಮಸ್ಯೆ? ಅದಕ್ಕೇ 'ಪೇಜ್' ಇರೋದು. ಒಂದೊಂದು ಬೈಟಿಗೂ ಪಟ್ಟಿಯಲ್ಲಿ ಒಂದೊಂದು ಸಾಲು ಬರೆದರೆ, ಪಟ್ಟಿಯೇ ರ‍್ಯಾಮಿಗಿಂತ ದೊಡ್ಡದಾಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಅಳತೆಯ ತುಂಡು ಮಾಡುತ್ತಾರೆ, ಆ ತುಂಡೇ ಪೇಜ್. ಸಾಮಾನ್ಯ ಅಳತೆ 4096 ಬೈಟ್, ಅಂದರೆ 4 ಕೆಬಿ. 1985ರಲ್ಲಿ ಬಂದ ಇಂಟೆಲ್ 386 ಚಿಪ್ಪಿನಲ್ಲೂ ಇದೇ ಇತ್ತು, ಇವತ್ತಿನ ಎಷ್ಟೋ ಲ್ಯಾಪ್‌ಟಾಪಿನಲ್ಲೂ ಇದೇ. ಆಪಲ್‌ನ ಎಂ1 ಥರದ ಚಿಪ್ಪುಗಳಿರುವ ಮ್ಯಾಕ್‌ನಲ್ಲಿ 16 ಕೆಬಿ. ಆಂಡ್ರಾಯ್ಡ್ ಕೂಡ 15ನೇ ಆವೃತ್ತಿಯಿಂದ 16 ಕೆಬಿ ಪೇಜಿಗೆ ಬಾಗಿಲು ತೆಗೆದಿದೆ. 4 ಕೆಬಿ ಲೆಕ್ಕ ಹಿಡಿದರೆ 8 ಜಿಬಿ ರ‍್ಯಾಮಿನಲ್ಲಿ ಸುಮಾರು 21 ಲಕ್ಷ ತುಂಡು. ಪ್ರೋಗ್ರಾಮಿನ ಅಕ್ಕಪಕ್ಕದ ಎರಡು ಪೇಜುಗಳು ರ‍್ಯಾಮಿನಲ್ಲಿ ಎರಡು ಮೂಲೆಯಲ್ಲಿದ್ದರೂ ಪರವಾಗಿಲ್ಲ, ಪ್ರೋಗ್ರಾಮಿಗೆ ಅದು ಗೊತ್ತೇ ಆಗಲ್ಲ. ಬಸ್ಸಿನ ನಾಲ್ಕು ಮೂಲೆಯಲ್ಲಿ ಕೂತ ಮನೆಮಂದಿಗೆ ಒಟ್ಟಿಗೇ ಕೂತಿದ್ದೇವೆ ಅನ್ನಿಸುವಂಥ ಮಾಯೆ.

ಒಂದು ಲೆಕ್ಕ ಮಾಡಿ ನೋಡಿ, ಕಷ್ಟ ಏನಿಲ್ಲ. ಪ್ರೋಗ್ರಾಮು 20,500ನೇ ವಿಳಾಸ ಕೇಳಿತು ಅನ್ನಿ. 4096ರಿಂದ ಭಾಗಿಸಿ. ಭಾಗಲಬ್ಧ 5, ಶೇಷ 20. ಅಂದರೆ 5ನೇ ಪೇಜಿನ 20ನೇ ಬೈಟು. ಬೋರ್ಡು ನೋಡಿದರೆ 5ನೇ ಪೇಜು ರ‍್ಯಾಮಿನ 900ನೇ ತುಂಡಿನಲ್ಲಿದೆ ಅಂತಿದೆ. 900ನ್ನು 4096ರಿಂದ ಗುಣಿಸಿ 20 ಕೂಡಿ: 36,86,420. ಇದು ನಿಜವಾದ ವಿಳಾಸ. ಪ್ರೋಗ್ರಾಮು ನೆನಪಿನ ಯಾವ ಜಾಗ ಮುಟ್ಟಿದರೂ, ಪ್ರತಿ ಸಲ, ಈ ಲೆಕ್ಕ ನಡೆಯಲೇಬೇಕು.

ಪ್ರತಿ ಸಲ ಲೆಕ್ಕ ಮಾಡಿದರೆ ನಿಧಾನ ಆಗಲ್ವಾ?

ಒಳ್ಳೆ ಪ್ರಶ್ನೆ. ಈ ಲೆಕ್ಕ ಮಾಡೋದು ಆಪರೇಟಿಂಗ್ ಸಿಸ್ಟಮ್ ಅಲ್ಲ. ಪ್ರೊಸೆಸರ್ ಒಳಗೇ ಇದಕ್ಕೆಂದು ಒಂದು ಭಾಗ ಇದೆ, ಎಂಎಂಯು ಅಂತಾರೆ. ಆಪರೇಟಿಂಗ್ ಸಿಸ್ಟಮ್ ಬೋರ್ಡಿಗೆ ಪಟ್ಟಿ ಬರೆದು ಅಂಟಿಸುತ್ತದೆ, ಓದಿ ವಿಳಾಸ ಹುಡುಕೋದು ಎಂಎಂಯು. ಹಾರ್ಡ್‌ವೇರಿನಲ್ಲೇ ಇರೋದರಿಂದ ಬೇಗ.

ಆದರೂ ಒಂದು ತೊಡಕಿದೆ. ಇವತ್ತಿನ ಸಾಮಾನ್ಯ 64 ಬಿಟ್ ಇಂಟೆಲ್, ಎಎಂಡಿ ಕಂಪ್ಯೂಟರುಗಳಲ್ಲಿ ವರ್ಚುವಲ್ ವಿಳಾಸ 48 ಬಿಟ್ ಉದ್ದ, ಅಂದರೆ ಬರೀ 0, 1 ಇರುವ 48 ಅಂಕಿ. ಅಂದರೆ 256 ಟಿಬಿಯಷ್ಟು ಜಾಗ ಇರುವ ಹಾಗೆ ಕಾಣುತ್ತದೆ. ಅಷ್ಟಕ್ಕೂ ಉದ್ದಕ್ಕೆ ಒಂದೇ ಪಟ್ಟಿ ಬರೆದರೆ ಪಟ್ಟಿಗೇ 512 ಜಿಬಿ ಬೇಕು, ಅದೂ ಒಂದೊಂದು ಪ್ರೋಗ್ರಾಮಿಗೆ ಒಂದೊಂದು! ಅದಕ್ಕೆ ಪಟ್ಟಿಯನ್ನು ನಾಲ್ಕು ಹಂತ ಮಾಡಿದ್ದಾರೆ. ನಮ್ಮ ಕಂದಾಯ ಇಲಾಖೆ ಥರ ಅಂದ್ಕೊಳ್ಳಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ. ಪ್ರತಿ ಹಂತದ ಪುಸ್ತಕದಲ್ಲೂ 512 ಸಾಲು. ಮೇಲಿನ ಪುಸ್ತಕ ಕೆಳಗಿನ ಪುಸ್ತಕ ಎಲ್ಲಿದೆ ಅಂತ ತೋರಿಸುತ್ತದೆ, ಕೊನೆಯ ಪುಸ್ತಕ ರ‍್ಯಾಮಿನ ತುಂಡು ತೋರಿಸುತ್ತದೆ. ಒಂದು ಜಿಲ್ಲೆಯಲ್ಲಿ ಯಾರೂ ಇಲ್ಲ ಅಂದರೆ ಅದರ ತಾಲ್ಲೂಕು, ಹೋಬಳಿ ಪುಸ್ತಕಗಳನ್ನು ತೆರೆಯೋದೇ ಬೇಡ. ಹೆಚ್ಚಿನ ಪ್ರೋಗ್ರಾಮುಗಳು ಆ 256 ಟಿಬಿಯಲ್ಲಿ ಚಿಟಿಕೆಯಷ್ಟು ಮಾತ್ರ ಬಳಸೋದರಿಂದ ಪುಸ್ತಕಗಳ ಸಂಖ್ಯೆ ಹಿಡಿತದಲ್ಲಿರುತ್ತದೆ.

ಆದರೆ ಈಗ ಒಂದು ಬೈಟ್ ಓದೋಕೆ ನಾಲ್ಕು ಕಚೇರಿ ಅಲೆಯಬೇಕಾಯಿತು. ಇದಕ್ಕೆ ಪರಿಹಾರ ಟಿಎಲ್‌ಬಿ ಅನ್ನುವ ಪುಟ್ಟ ನೆನಪು, ಪ್ರೊಸೆಸರ್ ಒಳಗೇ ಇರುತ್ತದೆ. ಇತ್ತೀಚೆಗೆ ಹುಡುಕಿದ ಕೆಲವು ವಿಳಾಸಗಳನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಹಳೇ ಪೋಸ್ಟ್‌ಮ್ಯಾನ್ ಇದ್ದ ಹಾಗೆ, ದಿನಾ ಕಾಗದ ಬರುವ ಮನೆಗೆ ಅವನು ವಿಳಾಸ ಓದೋದೇ ಇಲ್ಲ, ಹೆಸರು ನೋಡಿದರೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ಪ್ರೋಗ್ರಾಮುಗಳೂ ಹಾಗೇ, ಮುಟ್ಟಿದ ಜಾಗವನ್ನೇ ಮತ್ತೆ ಮತ್ತೆ ಮುಟ್ಟುತ್ತವೆ. ಹಾಗಾಗಿ ಬಹುಪಾಲು ಸಲ ಕಚೇರಿ ಅಲೆದಾಟ ತಪ್ಪುತ್ತದೆ. ಟಿಎಲ್‌ಬಿ ಇಲ್ಲದಿದ್ದರೆ ಈ ಇಡೀ ಏರ್ಪಾಟು ಕಾಗದದ ಮೇಲಷ್ಟೇ ಚಂದ ಇರುತ್ತಿತ್ತು ಅಂತ ನನ್ನ ಲೆಕ್ಕ.

ಸಾವಿರ ಲಗ್ನಪತ್ರಿಕೆ, ಆರುನೂರು ಎಲೆ

ಈಗ ಮಜಾ ಶುರು. ಬೋರ್ಡಿನಲ್ಲಿ ಒಂದು ಸಾಲು ಇದೆ ಅಂದ ಮಾತ್ರಕ್ಕೆ ಅದರ ಎದುರು ಬೆಂಚು ಇರಲೇಬೇಕು ಅಂತಿಲ್ಲ.

ಒಂದು ಪ್ರೋಗ್ರಾಮು 'ನನಗೆ 1 ಜಿಬಿ ಬೇಕು' ಅನ್ನುತ್ತದೆ. ಆಪರೇಟಿಂಗ್ ಸಿಸ್ಟಮ್ 'ತಗೋ' ಅನ್ನುತ್ತದೆ. ಆದರೆ ಆಗ ಒಂದು ಪೇಜನ್ನೂ ಕೊಟ್ಟಿರಲ್ಲ! ಈ ವಿಳಾಸಗಳು ನಿನ್ನವು ಅಂತ ಬರೆದುಕೊಂಡಿರುತ್ತದೆ ಅಷ್ಟೆ. ಪ್ರೋಗ್ರಾಮು ಅದರಲ್ಲಿ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ ಎಂಎಂಯು ಬೋರ್ಡು ನೋಡುತ್ತದೆ, ಬೆಂಚು ಇಲ್ಲ. ಕೆಲಸ ಅಲ್ಲಿಗೇ ನಿಲ್ಲಿಸಿ ಆಪರೇಟಿಂಗ್ ಸಿಸ್ಟಮನ್ನು ಕೂಗುತ್ತದೆ. ಈ ಕೂಗಿಗೆ ಪೇಜ್ ಫಾಲ್ಟ್ ಅಂತಾರೆ. ಹೆಸರಿನಲ್ಲಿ ಫಾಲ್ಟ್ ಇದ್ದರೂ ಇದು ತಪ್ಪೇನಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಸೆಕೆಂಡಿಗೆ ಸಾವಿರಗಟ್ಟಲೆ ಆಗಬಹುದು. ಆಪರೇಟಿಂಗ್ ಸಿಸ್ಟಮ್ ಓಡಿಬಂದು ಖಾಲಿ ತುಂಡೊಂದನ್ನು ಹುಡುಕಿ, ಸೊನ್ನೆಗಳಿಂದ ಒರೆಸಿ, ಬೋರ್ಡಿನಲ್ಲಿ ಬರೆದು, 'ಹೂಂ, ಮುಂದುವರಿಸು' ಅನ್ನುತ್ತದೆ. ಪ್ರೋಗ್ರಾಮಿಗೆ ತಾನು ನಿಂತಿದ್ದೇ ಗೊತ್ತಿರಲ್ಲ. ಸೊನ್ನೆಯಿಂದ ಒರೆಸೋದು ಯಾಕೆ ಗೊತ್ತಾ? ಆ ತುಂಡಿನಲ್ಲಿ ಹಿಂದೆ ಕೂತಿದ್ದವರ ಪಾಸ್‌ವರ್ಡ್ ಉಳಿದಿರಬಹುದು.

ಆಪ್ ತೆರೆಯುವಾಗಲೂ ಇದೇ ಕಥೆ. 200 ಎಂಬಿ ಆಪನ್ನು ಪೂರ್ತಿ ರ‍್ಯಾಮಿಗೆ ತಂದು ಸುರಿಯಲ್ಲ. ಯಾವ ಪೇಜು ಬೇಕಾಯಿತೋ ಅದನ್ನು ಮಾತ್ರ ಬೇಕಾದಾಗ ತರುತ್ತದೆ. ನೀವು ಯಾವತ್ತೂ ಒತ್ತದ ಬಟನ್ನಿನ ಕೋಡು ರ‍್ಯಾಮಿನ ಮುಖ ನೋಡದೇ ಇದ್ದುಬಿಡಬಹುದು.

ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಇರೋದಕ್ಕಿಂತ ಜಾಸ್ತಿ ಮಾತು ಕೊಡಬಹುದು. ಮದುವೆಗೆ ಸಾವಿರ ಪತ್ರಿಕೆ ಹಂಚಿ ಆರುನೂರು ಎಲೆಗೆ ಅಡುಗೆ ಮಾಡಿಸಿದ ಹಾಗೆ. ಎಲ್ಲರೂ ಒಟ್ಟಿಗೆ ಬರಲ್ಲ ಅನ್ನೋ ಧೈರ್ಯ. ಲಿನಕ್ಸ್ ಇದನ್ನು ರಾಜಾರೋಷವಾಗಿ ಮಾಡುತ್ತದೆ, ಆಂಡ್ರಾಯ್ಡಿನ ಒಳಗಿರೋದೂ ಲಿನಕ್ಸೇ. ಒಂದು ದಿನ ಸಾವಿರ ಜನವೂ ಬಂದುಬಿಟ್ಟರೆ? ಆಗ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಅನ್ನುವ ಭಾಗ ಎಚ್ಚರಾಗುತ್ತದೆ. ಮುಖ್ಯವಾಗಿ ಯಾರು ಎಷ್ಟು ಮೆಮೊರಿ ತಿನ್ನುತ್ತಿದ್ದಾರೆ ಅಂತ ನೋಡಿ ಅಂಕ ಹಾಕಿ, ಜಾಸ್ತಿ ಅಂಕ ಬಂದವರನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸುತ್ತದೆ. ಅರ್ಧ ಊಟದಲ್ಲಿ!

ಇನ್ನು ಪ್ರೋಗ್ರಾಮು ತನಗೆ ಯಾರೂ ಕೊಡದ ವಿಳಾಸ ಮುಟ್ಟಿದರೆ? ಆಗಲೂ ಪೇಜ್ ಫಾಲ್ಟ್ ಆಗುತ್ತದೆ. ಆಪರೇಟಿಂಗ್ ಸಿಸ್ಟಮ್ ಬಂದು ಪುಸ್ತಕ ನೋಡುತ್ತದೆ, ಈ ವಿಳಾಸ ನಿಂದಲ್ಲವಲ್ಲಪ್ಪಾ ಅನ್ನುತ್ತದೆ, ಪ್ರೋಗ್ರಾಮನ್ನು ಮುಚ್ಚುತ್ತದೆ. ಕಾಲೇಜಿನಲ್ಲಿ ಸಿ ಕಲಿತವರಿಗೆ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನುವ ಸಾಲು ನೆನಪಿರಬೇಕು, ಅದು ಇದೇ.

ಈಗ ಅಟ್ಟದ ವಿಷಯ

ಬೋರ್ಡಿನಲ್ಲಿ ಬೆಂಚಿಲ್ಲದ ಸಾಲು ಇರಬಹುದು ಅಂದ ಮೇಲೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯುತ್ತದೆ. ಕಟ್ಟೆ ತುಂಬಿದಾಗ, ಸದ್ಯ ಬೇಡದ ಪೇಜನ್ನು ಸ್ಟೋರೇಜಿಗೆ ಸಾಗಿಸಿ ಬೋರ್ಡಿನಲ್ಲಿ 'ಅಟ್ಟದಲ್ಲಿದೆ' ಅಂತ ಗುರುತು ಹಾಕು. ಯಾರಾದರೂ ಕೇಳಿದರೆ ಇಳಿಸಿಕೊಡು. ಇದೇ ಸ್ವಾಪ್. ವಿಂಡೋಸಿನಲ್ಲಿ ಸಿ ಡ್ರೈವಿನಲ್ಲಿ ಅಡಗಿ ಕೂತಿರುವ ಪೇಜ್‌ಫೈಲ್ ಅನ್ನುವ ದೊಡ್ಡ ಫೈಲು ಈ ಅಟ್ಟ. ಭಾವನ ಡಬ್ಬದ ಮೇಲಿದ್ದ ಎರಡನೇ ಎಂಟು ಜಿಬಿ ಕೂಡ ಇದೇ.

ಇತಿಹಾಸದಲ್ಲಿ ನೋಡಿದರೆ ಮೊದಲು ಹುಟ್ಟಿದ್ದೇ ಅಟ್ಟ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಅವರ ತಂಡ ಫೆರಾಂಟಿ ಕಂಪನಿಯ ಜೊತೆ ಸೇರಿ ಅಟ್ಲಾಸ್ ಅನ್ನುವ ಕಂಪ್ಯೂಟರ್ ಕಟ್ಟಿದರು. 1962ರ ಡಿಸೆಂಬರ್ 7ರಂದು ಅದರ ಉದ್ಘಾಟನೆ. ಅದರಲ್ಲಿ ವೇಗದ ಕೋರ್ ಮೆಮೊರಿ (ಆ ಕಾಲದ ಕಟ್ಟೆ) 16 ಸಾವಿರ ಪದಗಳಷ್ಟು (ಪದ ಅಂದರೆ ಕಂಪ್ಯೂಟರ್ ಒಂದೇ ಸಲಕ್ಕೆ ಹಿಡಿಯುವ ಬಿಟ್‌ಗಳ ಗುಂಪು), ನಿಧಾನದ ತಿರುಗುವ ಡ್ರಮ್ಮು 96 ಸಾವಿರ ಪದಗಳಷ್ಟು. ಅದಕ್ಕೂ ಮುಂಚೆ ಪ್ರೋಗ್ರಾಮರುಗಳು ತಮ್ಮ ಪ್ರೋಗ್ರಾಮನ್ನು ತಾವೇ ತುಂಡು ಮಾಡಿ, ಯಾವಾಗ ಯಾವ ತುಂಡು ಡ್ರಮ್ಮಿನಿಂದ ಬರಬೇಕು, ಯಾವುದು ಹೋಗಬೇಕು ಅಂತ ಕೈಯಾರೆ ಬರೆಯಬೇಕಿತ್ತು. ಅಡುಗೆ ಮಾಡುವವರೇ ನಡುವೆ ನಡುವೆ ಏಣಿ ಹತ್ತಿದ ಹಾಗೆ. ಅಟ್ಲಾಸ್ ಆ ಕೆಲಸವನ್ನು ತಾನೇ ಹೊತ್ತುಕೊಂಡಿತು. 512 ಪದಗಳ ಪೇಜು ಮಾಡಿ ಡ್ರಮ್ಮು, ಕೋರ್ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿ ಅನ್ನುವ ಹಾಗೆ ತೋರಿಸಿತು. ಅದಕ್ಕೆ ಅವರು ಇಟ್ಟ ಹೆಸರು ಒಂದೇ ಹಂತದ ಸಂಗ್ರಹ ಅನ್ನುವ ಅರ್ಥದ್ದು. ವರ್ಚುವಲ್ ಮೆಮೊರಿ ಅನ್ನುವ ಹೆಸರು ಅಂಟಿದ್ದು ಆಮೇಲೆ.

ಯಾವ ಪಾತ್ರೆ ಮೇಲೆ ಹೋಗಬೇಕು?

ಇದೇ ಕಷ್ಟದ ಪ್ರಶ್ನೆ. ಐಬಿಎಂನಲ್ಲಿದ್ದ ಲಾಸ್ಲೊ ಬೆಲಾಡಿ 1966ರಲ್ಲಿ ಎಲ್ಲಕ್ಕಿಂತ ಒಳ್ಳೆಯ ಉತ್ತರ ಕೊಟ್ಟರು: ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವ ಪೇಜನ್ನು ಕಳಿಸಿ. ಸರಿ, ಆದರೆ ಮುಂದೆ ಏನು ಬೇಕಾಗುತ್ತೆ ಅಂತ ಯಾರಿಗೆ ಗೊತ್ತು? ಹಾಗಾಗಿ ಹಿಂದೆ ನೋಡಿ ಅಂದಾಜು ಮಾಡಬೇಕು. ಇತ್ತೀಚೆಗೆ ಮುಟ್ಟದ್ದು ಇನ್ನೂ ಸ್ವಲ್ಪ ಹೊತ್ತು ಬೇಡದಿರಬಹುದು.

ಅಂದಾಜು ಮಾಡುವ ಒಂದು ವಿಧಾನ ಹೀಗಿದೆ. ಒಬ್ಬ ಅಜ್ಜಿ ಪ್ರತಿ ಭಾನುವಾರ ಕಟ್ಟೆ ಮೇಲಿನ ಎಲ್ಲ ಪಾತ್ರೆಗೂ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾಳೆ ಅಂದ್ಕೊಳ್ಳಿ. ವಾರದಲ್ಲಿ ಬಳಸಿದ ಪಾತ್ರೆಯನ್ನು ತೊಳೆಯಲೇಬೇಕು, ತೊಳೆದರೆ ಗೀಟು ಹೋಗುತ್ತದೆ. ಮುಂದಿನ ಭಾನುವಾರ ಗೀಟು ಉಳಿದ ಪಾತ್ರೆ ಅಟ್ಟಕ್ಕೆ, ಗೀಟು ಹೋದದ್ದಕ್ಕೆ ಮತ್ತೆ ಗೀಟು. ಯಾವ ಪಾತ್ರೆ ಎಷ್ಟು ಹೊತ್ತಿಗೆ ಬಳಸಿದರು ಅಂತ ಡೈರಿ ಬರೆಯೋ ತೊಂದರೆಯೇ ಇಲ್ಲ. ಕಂಪ್ಯೂಟರಿನಲ್ಲೂ ಪೇಜ್ ಟೇಬಲಿನ ಪ್ರತಿ ಸಾಲಿನಲ್ಲಿ 'ಮುಟ್ಟಿದ್ದಾರೆ' ಅಂತ ತೋರಿಸುವ ಒಂದು ಬಿಟ್ ಇರುತ್ತದೆ. ಪೇಜು ಮುಟ್ಟಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಮ್ ಆಗಾಗ ಸುತ್ತು ಬಂದು ಆರಿಸುತ್ತದೆ. ಮುಂದಿನ ಸುತ್ತಿಗೂ ಆರಿಯೇ ಇದ್ದರೆ ಆ ಪೇಜು ಹೊರಡಬಹುದು. ಗಡಿಯಾರದ ಮುಳ್ಳಿನ ಥರ ಸುತ್ತೋದರಿಂದ ಇದಕ್ಕೆ ಕ್ಲಾಕ್ ಅನ್ನುತ್ತಾರೆ. ಇವತ್ತಿನ ವಿಧಾನಗಳು ಇದಕ್ಕಿಂತ ಜಾಣ, ಆದರೆ ಬುಡದಲ್ಲಿರೋ ಉಪಾಯ ಇದೇ.

ಇನ್ನೊಂದು ಬಿಟ್ ಇದೆ, 'ಬದಲಾಯಿಸಿದ್ದಾರೆ' ಅಂತ. ಅಂಗಡಿಯಿಂದ ತಂದ ಬೇಳೆಯನ್ನು ಅಟ್ಟಕ್ಕೆ ಹೊರಬೇಕಾಗಿಲ್ಲ, ಬೇಕಾದರೆ ಮತ್ತೆ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಹಾಕಿದ ಉಪ್ಪಿನಕಾಯಿ ಭರಣಿ ಹಾಗಲ್ಲ. ಆಪಿನ ಕೋಡಿರುವ ಪೇಜು ಬೇಳೆ ಇದ್ದ ಹಾಗೆ, ಅದರ ಪ್ರತಿ ಹೇಗೂ ಸ್ಟೋರೇಜಿನಲ್ಲಿದೆ, ಸುಮ್ನೆ ಬಿಟ್ಟುಬಿಡಬಹುದು. ನೀವು ಅರ್ಧ ಟೈಪ್ ಮಾಡಿದ ಪತ್ರ ಉಪ್ಪಿನಕಾಯಿ. ಅದನ್ನು ಎಲ್ಲಾದರೂ ಇಟ್ಟೇ ಜಾಗ ಖಾಲಿ ಮಾಡಬೇಕು.

ಏಣಿ ಎಷ್ಟು ಎತ್ತರ?

ರ‍್ಯಾಮಿನಿಂದ ಓದೋಕೆ ಸುಮಾರು 100 ನ್ಯಾನೊಸೆಕೆಂಡ್ ಬೇಕು. ತಿರುಗುವ ಭಾಗವಿಲ್ಲದ ಸ್ಟೋರೇಜ್ ಆದ ಒಳ್ಳೆ ಎಸ್‌ಎಸ್‌ಡಿಯಿಂದ ಒಂದು ಪೇಜು ತರೋಕೆ ಸುಮಾರು 100 ಮೈಕ್ರೊಸೆಕೆಂಡ್. ಹಳೇ ತಿರುಗುವ ಹಾರ್ಡ್ ಡಿಸ್ಕಿನಿಂದ 10 ಮಿಲಿಸೆಕೆಂಡ್ ಆಸುಪಾಸು. ಎಲ್ಲವೂ ನಮಗೆ 'ಕಣ್ಣು ಮಿಟುಕಿಸೋದರೊಳಗೆ' ಅನ್ನಿಸುತ್ತದೆ. ಹಿಗ್ಗಿಸಿ ನೋಡಿ: ಕಟ್ಟೆಯಿಂದ ಉಪ್ಪು ತಗೊಳ್ಳೋಕೆ 1 ಸೆಕೆಂಡ್ ಅಂದರೆ, ಎಸ್‌ಎಸ್‌ಡಿ ಅಟ್ಟದಿಂದ ತರೋಕೆ 16 ನಿಮಿಷಕ್ಕೂ ಜಾಸ್ತಿ, ಹಾರ್ಡ್ ಡಿಸ್ಕ್ ಅಟ್ಟದಿಂದ ತರೋಕೆ ಒಂದು ದಿನದ ಮೇಲೆ ಇನ್ನೂ ಮೂರ್ನಾಲ್ಕು ಗಂಟೆ.

ವರ್ಷಕ್ಕೊಮ್ಮೆ ಹಬ್ಬದ ಕೊಪ್ಪರಿಗೆ ಇಳಿಸೋದಾದರೆ ಏಣಿ ಹತ್ತಿದರೆ ಏನಾಯ್ತು. ಆದರೆ ಒಂದೇ ಹೊತ್ತಿಗೆ ಬೇಕಾದ ಸಾಮಾನೇ ಕಟ್ಟೆಯಲ್ಲಿ ಹಿಡಿಯದಿದ್ದರೆ? ಬಾಣಲೆ ಇಳಿಸೋಕೆ ಕುಕ್ಕರ್ ಮೇಲೆ ಕಳಿಸಬೇಕು, ತಕ್ಷಣ ಕುಕ್ಕರ್ ಬೇಕು ಅಂತ ಬಾಣಲೆ ಮೇಲೆ ಕಳಿಸಬೇಕು. ದಿನವಿಡೀ ಏಣಿ ಹತ್ತಿ ಇಳಿದದ್ದೇ ಬಂತು, ಒಲೆ ಮೇಲೆ ಏನೂ ಬೇಯಲಿಲ್ಲ. ಇದಕ್ಕೆ ಥ್ರಾಷಿಂಗ್ ಅಂತಾರೆ. ಹಳೇ ಲ್ಯಾಪ್‌ಟಾಪಿನಲ್ಲಿ ಬ್ರೌಸರಿನ ಮೂವತ್ತು ಟ್ಯಾಬ್ ತೆಗೆದಾಗ ಡಿಸ್ಕಿನ ದೀಪ ಉರಿಯುತ್ತಲೇ ಇರುತ್ತದೆ, ಮೌಸ್ ಅಲ್ಲಾಡಲ್ಲ, ನೆನಪಿದೆಯಾ? ಪೀಟರ್ ಡೆನ್ನಿಂಗ್ 1968ರಲ್ಲಿ ಇದರ ಕಾರಣ ವಿವರಿಸಿದರು. ಪ್ರತಿ ಪ್ರೋಗ್ರಾಮಿಗೂ ಸದ್ಯಕ್ಕೆ ಬೇಕೇಬೇಕಾದ ಪೇಜುಗಳ ಒಂದು ಗುಂಪು ಇರುತ್ತದೆ, ವರ್ಕಿಂಗ್ ಸೆಟ್ ಅಂತ. ನಡೆಯುತ್ತಿರುವ ಎಲ್ಲರ ವರ್ಕಿಂಗ್ ಸೆಟ್ ಕೂಡಿದರೆ ರ‍್ಯಾಮಿನಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಅಟ್ಟ ಎಷ್ಟು ದೊಡ್ಡದಿದ್ದರೂ ಉಪಯೋಗ ಇಲ್ಲ. ಯಾರಾದರೊಬ್ಬರನ್ನು ಅಡುಗೆಮನೆಯಿಂದ ಹೊರಗೆ ಕಳಿಸಲೇಬೇಕು.

ಒಂದೇ ಬೆಂಚು, ಹತ್ತು ಹೆಸರು

ಬೋರ್ಡಿನ ಇನ್ನೊಂದು ಲಾಭ ಹೇಳದೇ ಮುಂದೆ ಹೋದರೆ ಅನ್ಯಾಯ. ಎರಡು ಬೇರೆ ಬೋರ್ಡಿನಲ್ಲಿ ಒಂದೇ ಬೆಂಚಿನ ಹೆಸರು ಬರೆಯಬಹುದು! ಆಂಡ್ರಾಯ್ಡ್ ಇದನ್ನು ಚೆನ್ನಾಗಿ ಬಳಸುತ್ತದೆ. ಫೋನ್ ಆನ್ ಆದಾಗ ಜೈಗೋಟ್ ಅನ್ನುವ ಪ್ರೋಗ್ರಾಮು ಎಲ್ಲ ಆಪ್‌ಗಳಿಗೂ ಬೇಕಾಗುವ ಸಾಮಾನನ್ನು ಮೊದಲೇ ರ‍್ಯಾಮಿಗೆ ತಂದಿಟ್ಟುಕೊಳ್ಳುತ್ತದೆ. ನೀವು ಆಪ್ ತೆರೆದಾಗ ಜೈಗೋಟ್ ತನ್ನದೇ ನಕಲು ಮಾಡುತ್ತದೆ, ಆ ನಕಲೇ ನಿಮ್ಮ ಆಪ್ ಆಗುತ್ತದೆ. ಆದರೆ ನಿಜವಾಗಿ ನಕಲಾಗೋದು ಬೋರ್ಡು ಮಾತ್ರ, ಪೇಜುಗಳು ಅಲ್ಲೇ ಇರುತ್ತವೆ. ಯಾರಾದರೂ ಒಂದು ಪೇಜನ್ನು ತಿದ್ದಲು ಹೋದಾಗ ಮಾತ್ರ ಅದೊಂದು ಪೇಜಿಗೆ ಬೇರೆ ಪ್ರತಿ ಮಾಡಿಕೊಡುತ್ತದೆ. ಇಪ್ಪತ್ತು ಆಪ್ ತೆರೆದರೂ ಸಾಮಾನ್ಯ ಸಾಮಾನು ರ‍್ಯಾಮಿನಲ್ಲಿ ಒಂದೇ ಸಲ ಇರುತ್ತದೆ.

ಬೋರ್ಡಿನ ಕಾವಲು ಒಮ್ಮೆ ಕೈಕೊಟ್ಟಿದ್ದೂ ಇದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನುವ ದೋಷ ಹೊರಬಿತ್ತು. ಅಲ್ಲಿವರೆಗೆ ಆಪರೇಟಿಂಗ್ ಸಿಸ್ಟಮಿನ ಸ್ವಂತ ಪೇಜುಗಳನ್ನೂ ಪ್ರತಿ ಪ್ರೋಗ್ರಾಮಿನ ಬೋರ್ಡಿನಲ್ಲೇ 'ಪ್ರವೇಶವಿಲ್ಲ' ಅಂತ ಗುರುತು ಹಾಕಿ ಬರೆದಿಡುತ್ತಿದ್ದರು, ಕೆಲಸ ಬೇಗ ಆಗಲಿ ಅಂತ. ಹಲವು ಇಂಟೆಲ್ ಪ್ರೊಸೆಸರುಗಳು ಆ ಗುರುತು ಪರೀಕ್ಷಿಸಿ ಮುಗಿಸೋದರೊಳಗೆ ಮುಂಗಡವಾಗಿ ಒಳಗೆ ಇಣುಕಿ ಸುಳಿವು ಬಿಟ್ಟುಕೊಡುತ್ತಿದ್ದವು. ಆಮೇಲೆ ಆ ಸಾಲುಗಳಲ್ಲಿ ಬಹುತೇಕ ಎಲ್ಲವನ್ನೂ ಪ್ರೋಗ್ರಾಮಿನ ಬೋರ್ಡಿನಿಂದ ಕಿತ್ತು ಬೇರೆ ಬೋರ್ಡಿಗೆ ಹಾಕಿದರು. ಕೆಲವು ಕೆಲಸಗಳು ಸ್ವಲ್ಪ ನಿಧಾನವಾದವು, ಬೇರೆ ದಾರಿ ಇರಲಿಲ್ಲ.

ಮತ್ತೆ ಭಾವನ ಫೋನಿಗೆ

ಫೋನುಗಳು ಅಟ್ಟ ಹತ್ತೋಕೆ ಮೊದಲಿಂದಲೂ ಹಿಂಜರಿಯುತ್ತವೆ. ಫೋನಿನ ಸ್ಟೋರೇಜ್ ಫ್ಲ್ಯಾಶ್ ಮೆಮೊರಿ, ಅದರಲ್ಲಿ ಬರೆದು ಅಳಿಸೋದಕ್ಕೆ ಒಂದು ಮಿತಿ ಇದೆ, ಬರೆದಷ್ಟೂ ಸವೆಯುತ್ತದೆ. ಹಾಗಾಗಿ ಆಂಡ್ರಾಯ್ಡಿನ ಮೊದಲ ಮದ್ದು ಬೇರೆ. ಬೇಡದ ಪೇಜುಗಳನ್ನು ಒತ್ತಿ ಚಿಕ್ಕದು ಮಾಡಿ ರ‍್ಯಾಮಿನಲ್ಲೇ ಒಂದು ಮೂಲೆಯಲ್ಲಿಡುತ್ತದೆ. ಇದಕ್ಕೆ ಜೆಡ್‌ರ‍್ಯಾಮ್ ಅಂತಾರೆ. ಪಾತ್ರೆಯೊಳಗೆ ಪಾತ್ರೆ ಇಟ್ಟು ಕಟ್ಟೆಯಲ್ಲೇ ಜಾಗ ಮಾಡಿದ ಹಾಗೆ. ಬಿಚ್ಚೋಕೆ ಸ್ವಲ್ಪ ಹೊತ್ತು ಬೇಕು, ಆದರೆ ಏಣಿ ಬೇಡ. ಮ್ಯಾಕ್ 2013ರಿಂದ, ವಿಂಡೋಸ್ 10 ಬಂದಾಗಿನಿಂದ ಅವೂ ಹೀಗೆ ಒತ್ತಿಡುತ್ತವೆ. ಅದೂ ಸಾಲದಿದ್ದರೆ ಆಂಡ್ರಾಯ್ಡ್ ಹಿನ್ನೆಲೆಯ ಆಪ್‌ಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಅದಕ್ಕೇ ಹದಿನೈದು ನಿಮಿಷ ಬಿಟ್ಟು ವಾಪಸ್ ಬಂದಾಗ ಆಪ್ ಮೊದಲಿಂದ ಶುರುವಾಗೋದು.

'+8 ಜಿಬಿ' ಅಂದರೆ ಸ್ಟೋರೇಜಿನಲ್ಲಿ 8 ಜಿಬಿ ಬದಿಗಿಟ್ಟು ಅಟ್ಟ ಮಾಡಿದ್ದಾರೆ ಅಂತ. ಇದರಿಂದ ಹಿನ್ನೆಲೆಯಲ್ಲಿ ಇನ್ನೊಂದೆರಡು ಆಪ್ ಮುಚ್ಚದೇ ಉಳಿಯಬಹುದು. ಆದರೆ ಗೇಮ್ ವೇಗವಾಗಲ್ಲ, ಕ್ಯಾಮೆರಾ ಬೇಗ ತೆರೆಯಲ್ಲ. ವರ್ಕಿಂಗ್ ಸೆಟ್ ಕೂರಬೇಕಾದ ಕಟ್ಟೆ ಆ ಎಂಟು ಜಿಬಿಯೇ. ಅಟ್ಟದ ಅಳತೆಯನ್ನು ಕಟ್ಟೆಯ ಅಳತೆಗೆ ಕೂಡಿಸಿ ದಪ್ಪ ಅಕ್ಷರದಲ್ಲಿ ಬರೆಯೋದು ನನಗಂತೂ ಸರಿ ಕಾಣಲಿಲ್ಲ. 4 ಜಿಬಿ ಫೋನಿನಲ್ಲಿ ಇದು ಸ್ವಲ್ಪ ಕೈ ಹಿಡಿಯಬಹುದು, 12 ಜಿಬಿ ಇರುವ ಕಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ರ‍್ಯಾಮ್ ಖಾಲಿ ಮಾಡುವ ಕ್ಲೀನರ್ ಆಪ್‌ಗಳ ಬಗ್ಗೆಯೂ ಒಂದು ಮಾತು. ಖಾಲಿ ಕಟ್ಟೆಯಿಂದ ಲಾಭ ಇಲ್ಲ. ಆಪರೇಟಿಂಗ್ ಸಿಸ್ಟಮ್ ಉಳಿದ ರ‍್ಯಾಮಿನಲ್ಲಿ ಇತ್ತೀಚೆಗೆ ಓದಿದ ಫೈಲುಗಳನ್ನು ಬೇಕಂತಲೇ ಇಟ್ಟುಕೊಂಡಿರುತ್ತದೆ, ಬೇಕಾದ ಕ್ಷಣ ಬಿಟ್ಟುಕೊಡುತ್ತದೆ. ಲಿನಕ್ಸಿನಲ್ಲಿ 'ಫ್ರೀ' ಅನ್ನುವ ಅಂಕಿ ನೋಡಿ ಗಾಬರಿಯಾಗಬೇಡಿ, 'ಅವೈಲಬಲ್' ನೋಡಿ. ಬಲವಂತವಾಗಿ ಎಲ್ಲ ಬಿಸಾಡಿದರೆ ಅದೇ ಸಾಮಾನು ಮತ್ತೆ ಹೊತ್ತು ತರೋ ಕೆಲಸ.

ಇಷ್ಟೆಲ್ಲ ಕೇಳಿದ ಭಾವ, "ಹಾಗಾದ್ರೆ ಆ ಎಂಟು ಜಿಬಿ ನನ್ನ ಸ್ಟೋರೇಜಿಂದಲೇ ಕಿತ್ಕೊಂಡಿದಾರೆ ಅನ್ನು" ಅಂದರು. ಹೌದು ಭಾವ ಅಂದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ, ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿದೆವು. ಎಂಟು ಜಿಬಿ ವಾಪಸ್ ಬಂತು. ಆ ಸಂಜೆಯೇ ಅದರಲ್ಲಿ ಮಗಳ ಶಾಲಾ ವಾರ್ಷಿಕೋತ್ಸವದ ಡಾನ್ಸ್ ವಿಡಿಯೊ ತುಂಬಿಸಿಕೊಂಡರು.